ಹನ್ನೆರಡೂ ಇದೆ, ದೇಗ್ ಮಾತ್ರ ಇಲ್ಲ

ಮೂರು ಎ, ಎರಡು ಬಿ ಕೂಡಿಸಿದರೆ ಐದು ಎಬಿ ಎಂದು ಮನೆಪಾಠದ ಹುಡುಗಿ ಹೇಮಶ್ರೀ ಬರೆದದ್ದಕ್ಕೆ ವೆಂಕಟಮ್ಮ ಕೆಂಪು ಗೆರೆ ಎಳೆಯುತ್ತಿದ್ದರು. ಅದೇ ಹೊತ್ತಿಗೆ ಮುನಿರಾಜು ಬಾಗಿಲಲ್ಲಿ ಬಂದು ನಿಂತ. ಅವನ ಕಣ್ಣು ಕೆಂಡವಾಗಿತ್ತು.

ಹಲಸೂರಿನ ಆ ಬೀದಿಯಲ್ಲಿ ಏನೇ ಕಳೆದರೂ ಜನ ಮೊದಲು ಓಡಿಬರುತ್ತಿದ್ದುದು ನಿವೃತ್ತ ಗಣಿತದ ಟೀಚರ್ ವೆಂಕಟಮ್ಮನವರ ಮನೆಗೆ. ಪೊಲೀಸ್ ಸ್ಟೇಷನ್ನು ಆಮೇಲಿನ ಮಾತು. ಅವರು ಹೋದಲ್ಲೆಲ್ಲ ಬೆನ್ನಿಗೆ ಹೋಗುತ್ತಿದ್ದವರು ಗೆಳತಿ ಧನಲಕ್ಷ್ಮಿ. ಅದೇ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು, ಕಳ್ಳ ಯಾರೆಂದು ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಹೇಳಿ, ಪ್ರತಿ ಸಲವೂ ತಪ್ಪಿದವರು.

"ಮಿಸ್, ನಮ್ ಸಾಹೇಬ್ರು ನನ್ನ ಕಳ್ಳ ಅಂದ್ಬಿಟ್ರು," ಎಂದ ಹಳೆಯ ವಿದ್ಯಾರ್ಥಿ ಮುನಿರಾಜು. "ಅದೂ ಅಂಗಡಿ ಎದುರಿನ ಟೆಂಪೋ ಸ್ಟ್ಯಾಂಡಲ್ಲಿ, ಎಲ್ಲರೆದುರಿಗೆ. ನಾಳೆಯೊಳಗೆ ದೇಗ್ ತರ್ಲಿಲ್ಲ ಅಂದ್ರೆ ಪೊಲೀಸ್‌ಗೆ ಕೊಡ್ತಾರಂತೆ. ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ?"

ಅವನು ಪುಲಿಕೇಶಿನಗರದ ಖುರ್ಷೀದ್ ಸಾಹೇಬರ ಪಾತ್ರೆ ಬಾಡಿಗೆ ಅಂಗಡಿಯಲ್ಲಿ ಪಾತ್ರೆ ತೊಳೆದು, ಸಂಜೆ ಗೋದಾಮಿಗೆ ಬೀಗ ಹಾಕುವವನು. ದೇಗ್ ಎಂದರೆ ಮದುವೆ ಅಡುಗೆಯ ದೊಡ್ಡ ಪಾತ್ರೆ. ಕಾಣೆಯಾದದ್ದು ಸಾಹೇಬರ ತಂದೆ ಕೊಂಡ ಮೊಟ್ಟಮೊದಲ ತಾಮ್ರದ ದೇಗ್.

"ಬೀಗದ ಕೈ ನಿನ್ನ ಹತ್ರಾನೇ ಇತ್ತಾ? ಹಾಗಿದ್ರೆ..." ಎಂದು ಧನಲಕ್ಷ್ಮಿ ಶುರು ಮಾಡಿದರು.

"ಸುಮ್ನಿರೇ ಧನಾ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡೂ ಇಲ್ಲ," ಎಂದು ವೆಂಕಟಮ್ಮ ಚಪ್ಪಲಿ ಮೆಟ್ಟಿದರು.

ಅಂಗಡಿಯಲ್ಲಿ ಸಾಹೇಬರು ಸಿಟ್ಟಿನಲ್ಲಿದ್ದರೂ ಚಹಾ ತರಿಸಿದರು. "ನೋಡಿ ಟೀಚರಮ್ಮ, ನಿನ್ನೆ ಕೃಷ್ಣರಾಜಪುರದ ಮದುವೆಗೆ ಸಸ್ಯಾಹಾರದ ಸೆಟ್ ಹೋಗಿತ್ತು. ಆರು ದೇಗ್, ಆರು ಮುಚ್ಚಳ, ಒಟ್ಟು ಹನ್ನೆರಡು ನಗ. ದೇಗೂ ಒಂದು ನಗ, ಮುಚ್ಚಳಾನೂ ಒಂದು ನಗ. ನಮ್ಮಲ್ಲಿ ಎಣಿಸೋದೇ ಹಾಗೆ. ಸಂಜೆ ನನ್ ಅಣ್ಣನ ಮಗ ಸಕ್ಲೇನ್ ವಾಪಸ್ ತಂದು, ಗೋದಾಮಿನೊಳಗಿಂದ ಹನ್ನೆರಡು ಅಂತ ಕೂಗಿ ಹೇಳ್ದ. ಆಮೇಲೆ ಇವನು ಬೀಗ ಹಾಕ್ದ. ಬೆಳಿಗ್ಗೆ ನೋಡಿದ್ರೆ ಅದ್ರಲ್ಲಿದ್ದ ಅಬ್ಬಾಜಾನ್ ದೇಗ್ ಇಲ್ಲ!"

"ನಾನು ಹಿಂದ್ಗಡೆ ನಲ್ಲಿ ಹತ್ರ ಇದ್ದೆ ಮಿಸ್. ಕತ್ತಲಲ್ಲಿ ಬಾಗಿಲು ಎಳ್ಕೊಂಡು ಬೀಗ ಹಾಕ್ದೆ ಅಷ್ಟೇ," ಎಂದ ಮುನಿರಾಜು. ಗಲ್ಲಾ ಪಕ್ಕದಲ್ಲಿದ್ದ ಸಕ್ಲೇನ್ ಫೋನು ನೋಡುತ್ತ ನಿಂತಿದ್ದ.

ಗೋದಾಮಿನಲ್ಲಿ ಎಡಕ್ಕೆ ಬಿರಿಯಾನಿ ಸೆಟ್ಟು, ಬಲಕ್ಕೆ ಸಸ್ಯಾಹಾರದ ಸೆಟ್ಟು. ಒಂದಕ್ಕೊಂದು ಸೋಕಬಾರದೆಂಬುದು ಸಾಹೇಬರ ತಂದೆಯ ಕಾಲದ ಕಟ್ಟಳೆ. ಬಲಗಡೆ ನಿನ್ನೆಯ ರಾಶಿ ತೊಳೆಯದೆ ಹಾಗೇ ಬಿದ್ದಿತ್ತು. ಧನಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಎಣಿಸಿದರು.

"ಅಯ್ಯೋ ಶಿವನೇ! ಹನ್ನೆರಡೂ ಇದೆಯಲ್ರೀ!"

ಸಾಹೇಬರು ತಾವೂ ಎಣಿಸಿದರು. ಹನ್ನೆರಡೇ. ದೇಗ್ ಮಾತ್ರ ಇಲ್ಲ!

ವೆಂಕಟಮ್ಮ ಕುಕ್ಕರುಗಾಲಲ್ಲಿ ಕೂತು ಮುಚ್ಚಳಗಳನ್ನು ಒಂದೊಂದಾಗಿ ತಿರುವಿದರು. ಒಂದರ ಮೇಲೆ ಕೆಂಡ ಹರಡಿದ ಕಪ್ಪು ಕಲೆ ಇತ್ತು. ಇನ್ನೊಂದು ತಾಮ್ರದ್ದು. "ಇದು ನಿಮ್ಮ ತಂದೆಯವರ ದೇಗಿನದಾ?" ಎಂದರು. ಸಾಹೇಬರು ಹೌದೆಂದರು. ಎಡಗಡೆಯ ಬಿರಿಯಾನಿ ಸೆಟ್ಟನ್ನು ಜೋಡಿಸಿ ನೋಡಿದಾಗ ಒಂದು ದೇಗಿಗೆ ಮುಚ್ಚಳವೇ ಇರಲಿಲ್ಲ.

ಅವರು ಎಲ್ಲರನ್ನೂ ಅಂಗಡಿಯ ಮುಂಭಾಗಕ್ಕೆ ಕರೆದು ಕೂರಿಸಿದರು.

"ಸಾಹೇಬ್ರೇ, ಏಳನೇ ಕ್ಲಾಸ್ ಮಕ್ಕಳು ಮಾಡೋ ತಪ್ಪನ್ನೇ ನೀವೂ ಮಾಡಿದ್ರಿ. ದೇಗಿಗೆ ದೇಗ್ ಸಜಾತಿ, ಮುಚ್ಚಳಕ್ಕೆ ಮುಚ್ಚಳ ಸಜಾತಿ. ಸಜಾತಿ ಪದಗಳನ್ನ ಮಾತ್ರ ಕೂಡಿಸಿ ಒಂದು ಮಾಡ್ಬಹುದು. ವಿಜಾತಿ ಪದಗಳನ್ನ ಪಕ್ಕಪಕ್ಕ ಬರೆದು ಬಿಡ್ಬೇಕು. ಹೋಗಿದ್ದು ಆರು ದೇಗ್, ಆರು ಮುಚ್ಚಳ. ಈಗಿರೋದು ಐದು ದೇಗ್, ಏಳು ಮುಚ್ಚಳ. ದೇಗಿನಲ್ಲಿ ದೇಗ್ ಕಳೀರಿ, ಒಂದು ಕಮ್ಮಿ. ಮುಚ್ಚಳದಲ್ಲಿ ಮುಚ್ಚಳ ಕಳೀರಿ, ಒಂದು ಜಾಸ್ತಿ. ಎಲ್ಲಾನೂ ನಗ ಅಂತ ಕಲಸಿದ್ದಕ್ಕೇ ನಿಮಗೆ ಕಾಣ್ಲಿಲ್ಲ."

"ಆ ಮುಚ್ಚಳಾನ ಮುನಿರಾಜುನೇ ರಾತ್ರಿ ಇಟ್ಟಿರ್ಬಹುದಲ್ಲ?" ಎಂದುಬಿಟ್ಟರು ಧನಲಕ್ಷ್ಮಿ. ಮುನಿರಾಜು ನೋಡಿದ ನೋಟಕ್ಕೆ ಅವರಿಗೆ ನಾಚಿಕೆಯಾಯಿತು.

"ಯಾಕಿಡ್ತಾನೆ? ಎಣಿಕೆ ಸಂಜೇನೇ ಮುಗಿದಿತ್ತು. ಅದಾದ್ಮೇಲೆ ಕದಿಯೋನಿಗೆ ಹನ್ನೆರಡಾದ್ರೇನು, ಹನ್ನೊಂದಾದ್ರೇನು? ಹನ್ನೆರಡು ಬೇಕಾಗಿದ್ದು ಎಣಿಕೆ ಇನ್ನೂ ಮುಂದಿದ್ದೋನಿಗೆ. ಸಾಹೇಬ್ರು ಎದ್ದು ಬಂದು ಎಣಿಸಿದ್ರೂ ಸರಿ ಹೋಗ್ಲಿ ಅಂತ. ದಮ್ ಬಿರಿಯಾನಿಗೆ ಮುಚ್ಚಳದ ಮೇಲೆ ಕೆಂಡ ಹಾಕ್ತಾರೆ, ಆ ಕಲೆ ಸಸ್ಯಾಹಾರದ ಮದುವೇಲಿ ಬರಲ್ಲ. ಆ ಮುಚ್ಚಳ ಇದೇ ಗೋದಾಮಿನ ಎಡಗಡೆಯಿಂದ ಬಂದಿದ್ದು. ಸಂಜೆ ಎಣಿಸೋವಾಗ ಒಳಗಿದ್ದೋನು ಒಬ್ಬನೇ."

ಸಕ್ಲೇನ್ ಫೋನನ್ನು ಜೇಬಿಗಿಟ್ಟ.

"ಮಾರೋ ಉದ್ದೇಶ ಇದ್ದಿದ್ರೆ ತಾಮ್ರದ ಮುಚ್ಚಳಾನೂ ಹೋಗ್ತಿತ್ತು. ದೇಗ್ ಒಂದಕ್ಕೇ ಏನೋ ಆಗಿದೆ. ಏನಾಯ್ತಪ್ಪಾ?" ಎಂದು ವೆಂಕಟಮ್ಮ ಮೆತ್ತಗೆ ಕೇಳಿದರು.

ಹುಡುಗ ಸಾಹೇಬರ ಕಡೆ ತಿರುಗಿದ. "ಮದುವೆ ಮನೇಲಿ ಖಾಲಿ ದೇಗ್ ಒಲೆ ಮೇಲಿತ್ತು. ನೀರು ಹಾಕಿಸ್ತೀನಿ ಅಂತ ಅಡುಗೆಯೋರಿಗೆ ಹೇಳಿ, ಫೋನಲ್ಲಿ ಮಾತಾಡ್ತಾ ಮರ್ತೆ. ಕಲಾಯಿ ಕರಗಿ ತಳ ಬಿರುಕು ಬಿಡ್ತು. ಶಿವಾಜಿನಗರದಲ್ಲಿ ರಿಪೇರಿಗೆ ಕೊಟ್ಟಿದೀನಿ ಚಾಚಾ. ಸದ್ದಿಲ್ಲದೆ ತಂದಿಡೋಣ ಅಂದ್ಕೊಂಡಿದ್ದೆ."

"ದೇಗ್ ಹೋಗ್ಲಿ ಬಿಡೋ! ನಾನು ಇವನನ್ನ ಕಳ್ಳ ಅಂದಾಗ ನೀನು ಪಕ್ಕದಲ್ಲೇ ನಿಂತಿದ್ಯಲ್ಲೋ!" ಎಂದರು ಸಾಹೇಬರು. ಅವರು ಮುನಿರಾಜುವಿನ ಎರಡೂ ಕೈ ಹಿಡಿದುಕೊಂಡರು. "ಮಾಫ್ ಮಾಡಪ್ಪಾ. ನಾಳೆಯಿಂದ ಕೆಲಸಕ್ಕೆ ಬಾ."

ಮುನಿರಾಜು ಕೈ ಬಿಡಿಸಿಕೊಂಡ. "ಇಲ್ಲಿ ನಾವಷ್ಟೇ ಇದೀವಿ ಸಾಬ್. ಅಲ್ಲಿ ಸ್ಟ್ಯಾಂಡ್ ತುಂಬ ಜನ ಇದ್ರು."

ದೊಡ್ಡವರು ಕೈ ಹಿಡಿದ ಮೇಲೂ ಇದೇನು ಹಟ ಎನ್ನಲು ಧನಲಕ್ಷ್ಮಿ ಬಾಯಿ ತೆರೆದರು. ವೆಂಕಟಮ್ಮ ಅವರ ಮಣಿಕಟ್ಟು ಹಿಡಿದು ಅದುಮಿದರು. ಸಾಹೇಬರು ಸಕ್ಲೇನ್‌ನ ತೋಳು ಹಿಡಿದು ರಸ್ತೆ ದಾಟಿ ಟೆಂಪೋ ಸ್ಟ್ಯಾಂಡಿಗೆ ಹೋದರು. ಮುನಿರಾಜು ಹಿಂದೆಯೇ ಹೊರಟ.

"ಕೇಳ್ರಪ್ಪಾ! ಮುನಿರಾಜು ಕಳ್ಳ ಅಲ್ಲ. ತಪ್ಪು ನಂದು, ನನ್ನ ಮನೆ ಹುಡುಗಂದು!"

ಡ್ರೈವರುಗಳು ಬೀಡಿ ಕೆಳಗಿಳಿಸಿ ನೋಡಿದರು. ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು.

"ಆ ಕೊನೇಲಿರೋರಿಗೆ ಕೇಳಿಸ್ಲಿಲ್ಲ ಸಾಬ್," ಎಂದ ಮುನಿರಾಜು. "ಇನ್ನೊಂದ್ಸಲ ಹೇಳಿ."

ಸಾಹೇಬರು ಇನ್ನೊಂದು ಸಲ, ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಆಗ ಮುನಿರಾಜು ನಡುರಸ್ತೆಯಲ್ಲೇ ನಿಂತು ಗೊಳೋ ಎಂದು ಅತ್ತುಬಿಟ್ಟ.