ಡಬ್ಬಿ ಕೂಡಿಸು ಕಡ್ಡಿ

"ಇದರಾಗ ತಿಳೀಲಾರದ್ದು ಏನೈತ್ರಿ? ಸುಮ್ಮ ಓದಿದ್ರ ಸಾಕು," ಎಂದ ಪಾಠ ಹೇಳುವ ಮಾಲತೇಶ.

ಸುರೇಖಾಳ ಕಿವಿ ಕೆಂಪಾದವು. ರಾಣೇಬೆನ್ನೂರಿನ ಆ ಕಂಪ್ಯೂಟರ್ ಕ್ಲಾಸಿಗೆ ಅವಳು ಬ್ಯಾಡಗಿಯಿಂದ ಬಸ್ಸು ಹಿಡಿದು ಬಂದ ಮೊದಲ ದಿನ ಅದು. 2004ರ ಮಾತು. ಪರದೆಯ ಮೇಲೆ ವೆಬ್ ಪುಟಕ್ಕೆ ಬರೆದ ಎಂಟು ಸಾಲಿನ ಜಾವಾಸ್ಕ್ರಿಪ್ಟ್. ಎರಡು ಸಂಖ್ಯೆ ಕೂಡಿಸುವ ಕೆಲಸವಂತೆ. ಆದರೆ ಸಾಲಿನ ತುಂಬ ಬರೀ ಎ, ಬಿ, ಎಕ್ಸ್...

"ನಿಮಗ ತಿಳೀತದ ಸರ್, ನೀವ ಬರದೀರಿ. ಹೊಸಬರಿಗೆ ತಿಳಿಯಂಗಿಲ್ರಿ."

ಮೂರು ವರ್ಷದಿಂದ ಪಾಠ ಹೇಳುತ್ತಿದ್ದ ಮಾಲತೇಶನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ ಏನೋ. ಪಾಪ, ಅದೇನೆಂದು ಅವನಿಗೇ ತಿಳಿಯಲಿಲ್ಲ.

"ಹಂಗಾದ್ರ ತಿಳಿಯೋ ಹಂಗ ನೀವ ಬರಕೊಂಡು ಬರ್ರಿ."

ಹಠಮಾರಿ ಹುಡುಗಿ, ಬಿಟ್ಟಾಳೆಯೇ? ಮೂರು ವಾರ ಒದ್ದಾಡಿ ಬರೆದಳು. ಅಪ್ಪ ಪರಮೇಶಪ್ಪನವರದು ಮೆಣಸಿನಕಾಯಿ ವ್ಯಾಪಾರ. ಡಬ್ಬಿ, ಕಡ್ಡಿ ಎಂಬ ಎರಡು ತಳಿಯ ಕಾಯಿಗಳ ನಡುವೆಯೇ ಬೆಳೆದವಳು. ಎ ಇದ್ದಲ್ಲಿ ಡಬ್ಬಿ, ಬಿ ಇದ್ದಲ್ಲಿ ಕಡ್ಡಿ, ಎಕ್ಸ್ ಇದ್ದಲ್ಲಿ ಒಟ್ಟುಚೀಲ ಎಂದು ಬರೆದು, ಮೇಲೆ ತನ್ನ ಹೆಸರು ಹಾಕಿ ಹಾಳೆ ಕೊಟ್ಟಳು. ಮಾಲತೇಶ ಎರಡೆರಡು ಸಲ ಓದಿದ. ಏನೂ ಹೇಳದೆ ಬ್ಯಾಗಿಗೆ ಹಾಕಿಕೊಂಡ.

ಮರುದಿನ ಅದೇ ಹಾಳೆಯ ಜೆರಾಕ್ಸ್ ಎಲ್ಲರ ಕೈಯಲ್ಲಿ! ಹುಡುಗರು ಓದುತ್ತ ನಗುತ್ತಿದ್ದಾರೆ. ಅವಳ ಹೆಸರಿದ್ದ ಜಾಗವನ್ನು ಮಾತ್ರ ಕತ್ತರಿಸಲಾಗಿದೆ.

'ನನ್ನ ಹೆಸರು ಹೇಳಾಕೂ ನಾಚಿಕಿ ಆತೇನು ಇವರಿಗೆ... ನಗಸಾಕಷ್ಟ ಬೇಕಾಗಿತ್ತೇನು ನನ್ನ ಹಾಳಿ?'

ಇಷ್ಟು ದಿನ ತಾನು ಕಾದದ್ದು ಅವನ ಒಂದೇ ಒಂದು ಮೆಚ್ಚುಗೆಯ ಮಾತಿಗೆ ಎಂಬುದು ಅವಳಿಗೆ ಆಗಲೇ ಗೊತ್ತಾಯಿತು. ಹೊರಟುಹೋದವಳು ನಾಲ್ಕು ದಿನ ಕ್ಲಾಸಿನ ಕಡೆ ಸುಳಿಯಲಿಲ್ಲ.

"ಬ್ಯಾಸರಾದ್ರ ಬಿಟ್ಟಬಿಡವಾ ಆ ಕ್ಲಾಸು," ಎಂದರು ಅಪ್ಪ. ಅವಳು ಹೂಂ ಅಂದೇಬಿಟ್ಟಳು.

ಐದನೆಯ ದಿನ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದಾಗ ಬಾಗಿಲಲ್ಲಿ ಯಾರೋ ಸೀನಿದರು. ನೋಡಿದರೆ ಮಾಲತೇಶ! ಘಾಟಿಗೆ ಕಣ್ಣು, ಮೂಗು ಎರಡೂ ಸುರಿಯುತ್ತಿವೆ.

"ಕುಂದ್ರಿ ಸರ್," ಎಂದಳು ಮುಖ ನೋಡದೆ. "ನನ್ನ ಹೆಸರು ಯಾಕ ಕತ್ತರಿಸಿದ್ರಿ?"

"ಹುಡುಗಿ ಹೆಸರು ಇಪ್ಪತ್ತು ಹುಡುಗರ ಕೈಯಾಗ ಓಡಾಡಿದ್ರ ನಾಳೆ ಬಸ್‌ಸ್ಟ್ಯಾಂಡಿನಾಗ ಮಾತಾಡ್ತಾರ್ರಿ. ನಿಮಗ ಮಾತು ಬರಬಾರದಂತ..."

"ಮತ್ತ ಅವರು ನಕ್ಕಿದ್ದು?"

"ತಿಳೀತಂತ ನಕ್ರು. ಅವತ್ತ ಒಬ್ರೂ ನನಗ ಒಂದು ಡೌಟೂ ಕೇಳಲಿಲ್ಲ. ನೀವು ಹೇಳಿದ್ದು ಖರೇ. ನಾ ಬರದದ್ದು ನನಗಷ್ಟ ತಿಳೀತಿತ್ತು."

ಅವಳ ಕೈ ನಿಂತಿತು.

"ಇಷ್ಟ ಹೇಳಾಕ ಬಂದ್ರಾ?"

"ಇಲ್ರಿ. ಅದು... ಅಂದ್ರ... ಕ್ಲಾಸಿನಾಗ ನಿಮ್ಮ ಖುರ್ಚಿ ಖಾಲಿ... ನನಗ..."

"ಸರ್, ಹೊಸಬರಿಗೆ ತಿಳಿಯೋ ಹಂಗ ಹೇಳ್ರಿ."

ಮಾಲತೇಶ ಕಣ್ಣೊರೆಸಿಕೊಂಡ.

"ನಿಮ್ಮನ್ನ ಮದಿವಿ ಆಗಬೇಕಂತ ಆಸೆ ಐತಿ. ತಿಳೀತೇನ್ರಿ?"

ಸುರೇಖಾ ಈಗ ತಲೆಯೆತ್ತಿ ಅವನ ಮುಖ ನೋಡಿದಳು.

"ತಿಳೀತ್ರಿ... ಅಪ್ಪ ಒಳಗ ಅದಾರ. ಅವರಿಗೂ ಇಷ್ಟ ಸರಳ ಹೇಳ್ರಿ."