ಅತ್ತೆಯ ಬೆಕ್ಕು ಹಿಡಿದ ಜಾಗ

"ಅಜ್ಜಾ, ಮಾತಾಡ್ಬೇಡ! ಒಂದೇ ನಿಮಿಷ, ಬಾಯಿ ಮುಚ್ಕೊಂಡಿರು!"

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಜಾರಿತು. ತಿಂಗಳುಗಟ್ಟಲೆ ಮನೆಮಂದಿಯೆಲ್ಲ ಅಜ್ಜನಿಗೆ "ಮಾತಾಡಿ, ಮಾತಾಡಿ" ಎಂದು ಗೋಗರೆದಿದ್ದರು. ಈಗ ಅಜ್ಜ ಬಾಯಿ ತೆರೆದರೆ, ಮೊಮ್ಮಗಳು ಮುಚ್ಚಿಕೋ ಅನ್ನುತ್ತಿದ್ದಾಳೆ!

ತಪ್ಪು ಮೊಮ್ಮಗಳದ್ದಲ್ಲ, ಫೋನಿನದ್ದು. ವಿಡಿಯೋ ಬಟನ್ ಒತ್ತಿದರೆ ಅದು "ಸ್ಟೋರೇಜ್ ಫುಲ್" ಎಂದು ಮೊಂಡು ಹಿಡಿದು ಕೂತಿತ್ತು.

ಮೊಮ್ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗಿರಗಿಟ್ಲೆ ಎಂದು. ಕೂತಲ್ಲಿ ಕೂರುವ ಜಾತಿಯಲ್ಲ ಅವಳು. ಅಜ್ಜ ಬಸ್ ಕಂಡಕ್ಟರ್ ಆಗಿದ್ದವರು. ಅವರು ಬಾಗಿಲಲ್ಲಿ ನಿಂತು ಕೂಗಿದರೆ ಕೊನೆಯ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಎದ್ದು ಟಿಕೆಟ್ ಕೇಳುತ್ತಿದ್ದನಂತೆ. ಅಂಥವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಹೋದವು. ಮಾತು ಮಾತ್ರ ವಾಪಸು ಬರಲಿಲ್ಲ.

ಮಾತು ಕಲಿಸುವ ಡಾಕ್ಟರ್ ಹೋದ ವಾರ ಹೇಳಿದ್ದರು: "ಸೋಮವಾರದೊಳಗೆ ಒಂದಾದ್ರೂ ಪೂರ್ತಿ ಪದ ಬಂದ್ರೆ ಮುಂದುವರಿಸೋಣ. ಇಲ್ದಿದ್ರೆ ಈ ಸಮಯ ಬೇರೆ ಪೇಷಂಟಿಗೆ ಕೊಡ್ಬೇಕಾಗುತ್ತೆ. ತುಂಬಾ ಜನ ಕಾಯ್ತಿದ್ದಾರೆ." ಡಾಕ್ಟರ ಎದುರು ಅಜ್ಜ ತುಟಿ ಹೊಲಿದವರಂತೆ ಕೂರುತ್ತಿದ್ದರು. ಅದಕ್ಕೇ ಮನೆಯಲ್ಲಿ ವಿಡಿಯೋ ಮಾಡಿ ತನ್ನಿ ಎಂದಿದ್ದರು. ಇವತ್ತು ಭಾನುವಾರ.

"ಚಿ... ಚಿಲ್..." ಅಂದರು ಅಜ್ಜ.

ಗಿರಗಿಟ್ಲೆ ಜಾಗ ಮಾಡಲು ತನ್ನ ಸ್ಕಿಪ್ಪಿಂಗ್ ವಿಡಿಯೋಗಳನ್ನು ತೆರೆದಳು. ಯಾವುದನ್ನು ಅಳಿಸುವುದು? ಇದರಲ್ಲಿ ಅವಳು ಹಿಮ್ಮುಖವಾಗಿ ಹಾರಿದ್ದಾಳೆ. ಇದರಲ್ಲಿ ಒಂಟಿಕಾಲಲ್ಲಿ. ಇದರಲ್ಲಿ ಮುಗ್ಗರಿಸಿದ್ದಾಳೆ ನಿಜ, ಆದರೆ ಜಡೆ ಚೆನ್ನಾಗಿ ಕಾಣುತ್ತದೆ. ಅವಳು ಆರಿಸುವಷ್ಟರಲ್ಲಿ ಅಜ್ಜ ಗೋಡೆಯ ಕಡೆ ಮಗ್ಗುಲಾದರು. ಬಂದ ಅರ್ಧ ಪದವೂ ಒಳಗೇ ಹೋಯಿತು.

ಗಿರಗಿಟ್ಲೆಗೆ ಅಳು ಬಂತು. "ಅಪ್ಪಾ, ನಾವು ಜಾಗ ತಗೊಂಡಿದ್ವಲ್ಲಾ? ಮತ್ತೆ ಹೆಂಗೆ ಫುಲ್ ಆಯ್ತು?"

ತಗೊಂಡದ್ದು ಹೌದು. ಫೋನಿನಲ್ಲಿ ಹಿಡಿಸದ ಫೋಟೋ, ವಿಡಿಯೋಗಳನ್ನು ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿ ಇಡಲು ಬಾಡಿಗೆಯ ಜಾಗ. "ನಿಮ್ಮ ದೇಶಕ್ಕೆ ಮಾತ್ರ ವಿಶೇಷ ಬೆಲೆ!" ಎಂದು ಜಾಹೀರಾತು ದಿನಾ ಬರುತ್ತಿತ್ತು. ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಪ್ಪನಿಗೆ ಆ ವಿಶೇಷ ಬೆಲೆಯೂ ವಿಶೇಷವಾಗಿಯೇ ಕಾಣುತ್ತಿತ್ತು. "ಕಣ್ಣಿಗೆ ಕಾಣದ ಜಾಗಕ್ಕೆ ಯಾರಾದ್ರೂ ಬಾಡಿಗೆ ಕಟ್ತಾರಾ?" ಎಂದು ಕೂತು ಫೋಟೋ ಅಳಿಸುತ್ತಿದ್ದರು.

ಒಮ್ಮೆ ಈ ವಿಷಯ ಅತ್ತೆಯ ಕಿವಿಗೆ ಬಿತ್ತು. ಅಪ್ಪನ ತಂಗಿ ಅವರು, ದೂರದ ದೇಶವೊಂದರಲ್ಲಿ ವೃದ್ಧಾಶ್ರಮದ ಅಡುಗೆಯವರು. "ಅಷ್ಟೇನಾ ಅಣ್ಣಾ? ಇಲ್ಲಿ ಅದೇ ಜಾಗಕ್ಕೆ ಐದು ಪಟ್ಟು ರೇಟು!"

"ಅದ್ಯಾಕೆ?"

"ನಮ್ಮ ಕಡೆಯವರ ಕೈಲಿ ಅಷ್ಟು ಕೊಡಕ್ಕಾಗಲ್ಲ ಅಂತ ಕಂಪನಿಗೆ ಗೊತ್ತಲ್ಲ."

"ನಾವು ಬಡವರು ಅಂತ ಅವರಿಗೆ ಹೇಳಿದ್ಯಾರು?" ಅಪ್ಪನಿಗೆ ಭಾರಿ ಅವಮಾನವಾಯಿತು. ಆದರೆ ಅತ್ತೆ "ಅಲ್ಲಿನ ರೇಟಿಗೇ ಫ್ಯಾಮಿಲಿ ಪ್ಯಾಕ್ ತಗೋ, ನನ್ನನ್ನೂ ಸೇರಿಸ್ಕೋ, ದುಡ್ಡು ನಾನು ಹಾಕ್ತೀನಿ" ಅಂದ ಕೂಡಲೇ ಆ ಅವಮಾನ ಎಲ್ಲಿ ಓಡಿಹೋಯಿತೋ ಏನೋ!

ಈಗ ಗಿರಗಿಟ್ಲೆ ಆ ಪ್ಯಾಕಿನ ಪುಟ ತೆರೆದು ನೋಡಿದಳು. ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂದು ತೋರಿಸುವ ಪಟ್ಟಿಯೊಂದಿತ್ತು. ಅವರ ಮನೆಯದ್ದು ದಾರದಷ್ಟು. ಉಳಿದದ್ದೆಲ್ಲ ಅತ್ತೆಯದ್ದು!

"ಬೆಕ್ಕು!" ಎಂದು ಕಿರುಚಿದಳು.

ಅತ್ತೆಗೊಂದು ಬೂದು ಬಣ್ಣದ ಬೆಕ್ಕಿತ್ತು. ಅದು ಮಲಗಿದ ವಿಡಿಯೋಗಳನ್ನು ಅತ್ತೆ ಕಳಿಸುತ್ತಲೇ ಇರುತ್ತಿದ್ದರು. ಬೆಕ್ಕು ಮಲಗಿರುತ್ತದೆ, ಹೊಟ್ಟೆ ಏರುತ್ತದೆ, ಇಳಿಯುತ್ತದೆ, ಅಷ್ಟೇ. ಬಡವರಿಗೆಂದು ಇಳಿಸಿದ ಬೆಲೆಯ ಜಾಗದಲ್ಲಿ ದುಬಾರಿ ದೇಶದ ಬೆಕ್ಕು ಕಾಲು ಚಾಚಿ ಮಲಗಿದೆ, ಅಜ್ಜನ ಒಂದು ಪದಕ್ಕೆ ಜಾಗವಿಲ್ಲ!

"ಅತ್ತೆಗೆ ಅಳಿಸಕ್ಕೆ ಹೇಳಪ್ಪಾ."

ಅಪ್ಪ ತಲೆ ಕೆರೆದುಕೊಂಡರು. "ಹೆಂಗೆ ಹೇಳೋದು? ದುಡ್ಡು ಹಾಕಿರೋದು ಅವಳು. ದಾನ ಬಂದ ಹಸುವಿನ ಹಲ್ಲು ಎಣಿಸಬಾರದು, ಪುಟ್ಟಾ."

ಹಲ್ಲು ಎಣಿಸುವ ಕೆಲಸವನ್ನು ಗಿರಗಿಟ್ಲೆ ತಾನೇ ವಹಿಸಿಕೊಂಡಳು. ಅಜ್ಜನ ಮಂಚದ ಪಕ್ಕ ಕೂತು ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. ಅತ್ತೆ ತಲೆಗೆ ಅಡುಗೆಮನೆಯ ಟೋಪಿ ಹಾಕಿಕೊಂಡೇ ತೆರೆಯ ಮೇಲೆ ಬಂದರು.

"ಅತ್ತೆ, ನಿಮ್ಮ ಬೆಕ್ಕನ್ನ ಸ್ವಲ್ಪ ಡಿಲೀಟ್ ಮಾಡ್ತೀರಾ?" ಎಂದು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

ಅತ್ತೆ ನಕ್ಕರು. "ಬೆಕ್ಕಿನದ್ದು ಒಂದು ಚೂರು ಕಣೇ. ಉಳಿದದ್ದು ಏನು ಗೊತ್ತಾ? ತಡಿ, ಕೇಳಿಸ್ತೀನಿ." ಅತ್ತೆ ಇನ್ನೊಂದು ಫೋನನ್ನು ತೆರೆಯ ಹತ್ತಿರ ಹಿಡಿದರು.

"ಹುಷಾರು ಮಗಳೇ!" ಎಂದು ದೊಡ್ಡ ದನಿಯೊಂದು ಗುಡುಗಿತು. "ಅಂಗಡಿಯವನು ಕೊಟ್ಟ ಅಂತ ಹಂಗೇ ಜೇಬಿಗೆ ಹಾಕೋಬೇಡ. ಚಿಲ್ಲರೆ ಎಣಿಸಿ ತಗೋ! ಊಟ ಮಾಡಿದ್ಯಾ? ಏನ್ ಊಟ? ಅದೂ ಒಂದು ಊಟಾನಾ?"

ಅಜ್ಜನ ದನಿ! ಮಾತು ನಿಲ್ಲುವ ಮೊದಲಿನದ್ದು. ಅಜ್ಜನ ದನಿ ಹೀಗಿತ್ತು ಎಂಬುದೇ ಗಿರಗಿಟ್ಲೆಗೆ ಮರೆತುಹೋಗಿತ್ತು.

"ಇಲ್ಲಿಗೆ ಬಂದಾಗಿನಿಂದ ನಮ್ಮಪ್ಪ ವಿಡಿಯೋ ಕಾಲಲ್ಲಿ ಬೈದದ್ದನ್ನೆಲ್ಲ ರೆಕಾರ್ಡ್ ಮಾಡಿ ಇಟ್ಟಿದೀನಿ," ಅಂದರು ಅತ್ತೆ. ಅವರ ದನಿ ಸಣ್ಣದಾಗಿತ್ತು. "ಇದರಲ್ಲಿ ಯಾವುದನ್ನ ಅಳಿಸ್ಲಿ? ನೀನೇ ಹೇಳು."

ಗಿರಗಿಟ್ಲೆ ಫೋನನ್ನು ಅಜ್ಜನ ಕಡೆ ತಿರುಗಿಸಿದಳು.

ಅಷ್ಟರಲ್ಲಿ ಮಂಚ ಕಿರುಗುಟ್ಟಿತು. ಅಜ್ಜ ಈ ಕಡೆ ತಿರುಗಿ, ಫೋನನ್ನೇ ದುರುಗುಟ್ಟಿ ನೋಡುತ್ತಿದ್ದರು. ತುಟಿ ನಡುಗಿತು. ಕತ್ತಿನ ನರ ಉಬ್ಬಿತು.

"ಚಿ... ಚಿಲ್... ಚಿಲ್ಲರೆ!"

ಹಾಗಂದವರೇ, ಟಿಕೆಟ್ ಕೊಟ್ಟವರಂತೆ ಅಂಗೈ ಮುಂದೆ ಚಾಚಿದರು.

ಅಪ್ಪ ಸ್ಕ್ರೂಡ್ರೈವರ್ ಹಿಡಿದೇ ಓಡಿಬಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಯ್ಯೋ, ರೆಕಾರ್ಡ್ ಆಗ್ಲಿಲ್ವಲ್ಲಾ!" ಎಂದು ಗಿರಗಿಟ್ಲೆ ಕೂಗಿದಳು.

"ಆಯ್ತು ಕಣೇ," ಎಂದು ಅತ್ತೆ ಅಳುತ್ತಲೇ ನಕ್ಕರು. "ಕಾಲ್ ಬಂದ ಕೂಡ್ಲೇ ಬಟನ್ ಒತ್ತೋದು ನಂಗೆ ಅಭ್ಯಾಸ. ನನ್ನ ಫೋನಲ್ಲಿದೆ. ನಾಳೆ ನೀವು ಹೊರಡೋದ್ರೊಳಗೆ ಡಾಕ್ಟರಿಗೇ ಕಳಿಸ್ತೀನಿ. ನೀನು ಹೇಳ್ದಂಗೆ ಬೆಕ್ಕನ್ನೂ ತೆಗೀತೀನಿ ಬಿಡು."

"ಬೇಡ ಅತ್ತೆ," ಅಂದಳು ಗಿರಗಿಟ್ಲೆ. "ಬೆಕ್ಕು ಇರ್ಲಿ."

ಫೋನಿಟ್ಟ ಮೇಲೆ ಅವಳು ತನ್ನ ಸ್ಕಿಪ್ಪಿಂಗ್ ವಿಡಿಯೋಗಳನ್ನು ತೆರೆದಳು. ಹಿಮ್ಮುಖ ಹಾರಿದ್ದು ಹೋಯಿತು, ಒಂಟಿಕಾಲಿನದ್ದು ಹೋಯಿತು. ಜಡೆ ಚೆನ್ನಾಗಿ ಕಾಣುವುದನ್ನು ಸ್ವಲ್ಪ ಹೊತ್ತು ನೋಡಿ, ಅದನ್ನೂ ಅಳಿಸಿದಳು.

"ಅಜ್ಜಾ, ಜಾಗ ಆಯ್ತು! ಈಗ ಎಷ್ಟು ಬೇಕಾದ್ರೂ ಮಾತಾಡು!" ಎಂದು ಫೋನ್ ಹಿಡಿದು ನಿಂತಳು.

ಅಜ್ಜನಿಗೆ ಒಂದು ಪದಕ್ಕೇ ಸುಸ್ತಾಗಿತ್ತು. ಅಂಗೈ ಇನ್ನೂ ಚಾಚಿಕೊಂಡೇ ನಿದ್ದೆಹೋಗಿದ್ದರು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ.

ಗಿರಗಿಟ್ಲೆ ಬಟನ್ ಒತ್ತಿದಳು. ಫೋನ್ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು, ಅಜ್ಜ ಎಚ್ಚರವಾಗುವವರೆಗೂ ಕೂತಲ್ಲೇ ಕೂತಳು.