ಗಾಳಿಗೆದುರು ಹೋದ ದೋಣಿ

ಬಹಳ ಹಿಂದೆ, ಕಡಲು ಇನ್ನೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಹವಳಪುರವೆಂಬ ರಾಜ್ಯವಿತ್ತು. ಅಲ್ಲಿ ಹಾಯಿ ಹೊಲಿಯುವ ಪದುಮೆ ಮತ್ತು ದೋಣಿ ಕಟ್ಟುವ ಅವಳ ಗಂಡ ತಮ್ಮಣ್ಣ ಇದ್ದರು. ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಒಂದು ದಿನ ಪದುಮೆ ಸಣ್ಣ ದೋಣಿಯಲ್ಲಿ ಕೂತು ಹಾಯಿ ತೊಳೆಯುತ್ತಿದ್ದಳು. ಗಾಳಿದ್ವೀಪದ ಮಾಂತ್ರಿಕ ಹೂಂಕಾರ ನೀರಿನ ಮೇಲೆ ನಡೆದು ಬಂದ.

"ಲೋಕದ ಗಾಳಿಯನ್ನೆಲ್ಲ ಕಟ್ಟಿಡಬೇಕು. ನನಗೊಂದು ಚೀಲ ಹೊಲಿದುಕೊಡು" ಎಂದ.

"ಹೊಲಿಯಲಾರೆ. ಗಾಳಿ ಇಲ್ಲದಿದ್ದರೆ ಮೀನಿಗೆ ಹೋದವರು ಮನೆಗೆ ಬರುವುದು ಹೇಗೆ?" ಎಂದಳು ಪದುಮೆ.

ಹೂಂಕಾರನ ಕೆನ್ನೆ ಊದಿತು. "ನನ್ನ ಹೊಟ್ಟೆಯಲ್ಲಿ ಉಸಿರಿರುವ ತನಕ ನಿನ್ನ ಪಾದ ನೆಲ ಮುಟ್ಟಬಾರದು. ಮುಟ್ಟಿದರೆ ಕಲ್ಲಾಗುತ್ತೀಯೆ" ಎಂದು ಶಪಿಸಿ ಹೊರಟುಹೋದ.

ಅಂದಿನಿಂದ ಅವಳಿಗೆ ಆ ಸಣ್ಣ ದೋಣಿಯೇ ಮನೆಯಾಯಿತು. ತಮ್ಮಣ್ಣ ದಿನಕ್ಕೆ ಮೂರು ಸಲ ಸೊಂಟದ ಮಟ್ಟದ ನೀರಲ್ಲಿ ನಡೆದು ಬಂದು ಗಂಜಿ ಕೊಡುತ್ತಿದ್ದ. ಅವಳು ಉಂಡು ಮುಗಿಸುವವರೆಗೆ ದೋಣಿಯ ಅಂಚು ಹಿಡಿದು ನಿಂತಿರುತ್ತಿದ್ದ.

"ಒದ್ದೆಯಲ್ಲಿ ನಿಂತು ಜ್ವರ ಬಂದೀತು, ಹೋಗಿ" ಎನ್ನುತ್ತಿದ್ದಳು.

"ನೀನು ಉಣ್ಣು" ಎನ್ನುತ್ತಿದ್ದ.

ಗಾಳಿದ್ವೀಪಕ್ಕೇ ಹೋಗಿ ಶಾಪ ಬಿಡಿಸಿಕೊಳ್ಳಬೇಕಿತ್ತು. ರಾಜನ ಹಡಗಿಗೆ ನಲವತ್ತು ಆಳು ಬೇಕು. ಶಾಪ ತಗುಲಿದವಳ ಜೊತೆ ಬರಲು ಒಬ್ಬರೂ ಒಪ್ಪಲಿಲ್ಲ. ಸಣ್ಣ ದೋಣಿಯಲ್ಲಿ ಹೋದರೆ ಮೊದಲ ದೊಡ್ಡ ಅಲೆಗೇ ಮಗುಚುತ್ತದೆ.

"ಇಬ್ಬರೇ ನಡೆಸುವಂಥದ್ದು, ತಿಂಗಳುಗಟ್ಟಲೆ ಒಳಗೇ ಬದುಕುವಂಥದ್ದು ಕಟ್ಟೋಣ" ಎಂದಳು ಪದುಮೆ.

ಅವಳು ಮರದ ತುಂಡುಗಳನ್ನು ಗೇಣುದ್ದದ ದೋಣಿಗಳಾಗಿ ಕೆತ್ತಿದಳು. ಒಂದೊಂದಕ್ಕೂ ನೂಲು ಕಟ್ಟಿ ನೀರಲ್ಲಿ ಎಳೆದು, ಯಾವುದು ಹಗುರಾಗಿ ಬರುತ್ತದೆಂದು ಬೆರಳಲ್ಲೇ ತಿಳಿದುಕೊಂಡಳು. ತೆಳ್ಳಗಿನದು ಸರ್ರನೆ ಬಂತು, ಆದರೆ ಮಗುಚಿತು. ಅಗಲದ್ದು ಮಗುಚಲಿಲ್ಲ, ಆದರೆ ಕೆಸರಲ್ಲಿ ನಡೆವ ಎಮ್ಮೆಯಂತೆ ಬಂತು. ಹನ್ನೊಂದನೆಯದು ಸರಿಯಾಯಿತು. ಅದರ ಮೂತಿ ಚೂಪು, ನಡು ಅಗಲ, ಹಿಂಭಾಗ ಮತ್ತೆ ಕಿರಿದು. ಅಡಿಯಲ್ಲಿ ಮೀನಿನ ರೆಕ್ಕೆಯಂಥ ಹಲಗೆ.

"ಆ ರೆಕ್ಕೆಯ ತುದಿಗೆ ಸೀಸ ಹಾಕಿ. ದೋಣಿಯ ತೂಕದ ಮೂರರಲ್ಲೊಂದು ಪಾಲು ಅಲ್ಲೇ ಇರಲಿ" ಎಂದಳು.

"ಭಾರಕ್ಕೆ ಮುಳುಗೀತಲ್ಲ ಮಾರಾಯ್ತಿ."

"ಮುಳುಗುವುದಿಲ್ಲ. ವಾಲಿದರೂ ಎದ್ದು ಕೂರುತ್ತದೆ, ನೋಡಿ" ಎಂದು ಪುಟ್ಟ ದೋಣಿಯನ್ನು ಬೆರಳಿಂದ ಒತ್ತಿ ಬಿಟ್ಟಳು. ಅದು ಚಂಗನೆ ಎದ್ದು ತಮ್ಮಣ್ಣನ ಮುಖಕ್ಕೆ ನೀರು ಚಿಮ್ಮಿಸಿತು. ಅವನು ನಕ್ಕ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು ಕಂಡು ಪದುಮೆಗೆ ಅಳು ಬಂತು.

ಎಂಟು ತಿಂಗಳಿಗೆ ಇಪ್ಪತ್ತನಾಲ್ಕು ಮೊಳದ ದೋಣಿ ನೀರಿಗಿಳಿಯಿತು. ಅಲುಗಾಟ ಕಡಿಮೆ ಇರುವ ನಡುಭಾಗದಲ್ಲಿ ಒಲೆಯಿತ್ತು, ಅದರ ಪಕ್ಕ ಮಲಗುವ ಜಾಗ. ಒಬ್ಬರು ಮಲಗಿದರೂ ಇನ್ನೊಬ್ಬರು ನಡೆಸುವಂತೆ ಹಗ್ಗಗಳೆಲ್ಲ ಚುಕ್ಕಾಣಿಯ ಬಳಿಗೇ ಬರುತ್ತಿದ್ದವು. ಇಬ್ಬರೂ ಹೊರಟರು.

ಏಳನೆಯ ದಿನ ಹೂಂಕಾರ ಬೆಟ್ಟದಂಥ ಆಮೆಯೊಂದನ್ನು ಕಳಿಸಿದ. ಅದು ಬಾಯಿ ತೆರೆದು ಗಾಳಿಯನ್ನೆಲ್ಲ ನುಂಗಿ ಮಲಗಿತು. ಕಡಲು ಎಣ್ಣೆಯಂತೆ ನಿಂತುಬಿಟ್ಟಿತು. ಪದುಮೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ದೊಡ್ಡ ಹಾಯಿಯನ್ನು ಬಿಚ್ಚಿದಳು. ಆಮೆ ನಿದ್ದೆಯಲ್ಲಿ ಬಿಟ್ಟ ಉಸಿರೇ ಸಾಕಾಯಿತು. ದೋಣಿ ಅದರ ಮೂಗಿನ ಮುಂದೆಯೇ ಮೆಲ್ಲನೆ ಹಾದುಹೋಯಿತು.

ಹದಿನಾಲ್ಕನೆಯ ದಿನ ಕಬ್ಬಿಣದ ರೆಕ್ಕೆಯ ಕೊಕ್ಕರೆ ಬಂತು. ಅದು ರೆಕ್ಕೆ ಬಡಿದಲ್ಲೆಲ್ಲ ಬಿರುಗಾಳಿ ಎದ್ದಿತು. ಇಬ್ಬರೂ ಹಾಯಿಯನ್ನು ಮಡಿಸಿ ಕಟ್ಟಿ, ಚಾಪೆಯಷ್ಟಗಲ ಮಾತ್ರ ಬಿಚ್ಚಿ ಉಳಿಸಿದರು. ಆದರೂ ಒಂದು ಅಲೆ ದೋಣಿಯನ್ನು ಮಗ್ಗುಲಿಗೆ ಕೆಡವಿತು. ಹಾಯಿ ಕಟ್ಟಿದ ಕೂವೆಮರದ ತುದಿ ನೀರು ಮುಟ್ಟಿತು. ಪದುಮೆ ಕಣ್ಣು ಮುಚ್ಚಿ ಗಂಡನ ತೋಳು ಹಿಡಿದಳು. ಅಡಿಯ ಸೀಸ ಎಳೆಯಿತು. ದೋಣಿ ನೀರು ಕೊಡವಿಕೊಂಡು ಎದ್ದಿತು. ಮೂರು ಸಲ ಬಿದ್ದಿತು, ಮೂರು ಸಲ ಎದ್ದಿತು. ಕೊಕ್ಕರೆ ಬೇಸತ್ತು ಹಾರಿಹೋಯಿತು.

ಇಪ್ಪತ್ತೊಂದನೆಯ ದಿನ ದ್ವೀಪ ಕಂಡಿತು. ದಡದಲ್ಲಿ ಹೂಂಕಾರನೇ ನಿಂತಿದ್ದ. ಅವನು ಊದಿದರೆ ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು. ಹಗ್ಗ ಎಳೆದೆಳೆದು ತಮ್ಮಣ್ಣನ ಅಂಗೈ ಹರಿದಿತ್ತು. ಪದುಮೆ ಚುಕ್ಕಾಣಿ ಹಿಡಿದಳು.

"ನನಗೆದುರು ಇದುವರೆಗೆ ಯಾರೂ ಬಂದಿಲ್ಲ" ಎಂದ ಹೂಂಕಾರ.

"ನೇರ ಬರುವುದಿಲ್ಲ. ಓರೆಯಾಗಿ ಬರುತ್ತೇವೆ" ಎಂದಳು ಪದುಮೆ.

ದೋಣಿ ಎಡಕ್ಕೆ ಓರೆಯಾಗಿ ಓಡಿತು, ತಿರುಗಿ ಬಲಕ್ಕೆ ಓಡಿತು. ಅಡಿಯ ರೆಕ್ಕೆ ನೀರನ್ನು ಬಿಗಿಯಾಗಿ ಕಚ್ಚಿದ್ದರಿಂದ ಅದು ಹಿಂದಕ್ಕೆ ಜಾರಲಿಲ್ಲ. ಪ್ರತಿ ತಿರುವಿಗೂ ದ್ವೀಪ ಹತ್ತಿರವಾಯಿತು. ಹೂಂಕಾರ ಜೋರಾಗಿ ಊದಿದಷ್ಟೂ ದೋಣಿ ಜೋರಾಗಿ ಬಂತು. ಅವನು ಸಿಟ್ಟಿನಲ್ಲಿ ಊದಿದ, ಆಮೇಲೆ ಹೆದರಿ ಊದಿದ, ಕೊನೆಗೆ ನಿಲ್ಲಿಸಲು ತಿಳಿಯದೆ ಊದಿದ. ಉಸಿರೆಲ್ಲ ಬರಿದಾಗಿ, ಖಾಲಿ ತೊಗಲಿನ ಚೀಲದಂತೆ ಮರಳ ಮೇಲೆ ಬಿದ್ದ.

ದಡದ ಮರಳಿಗೆ ಮೂತಿ ತಾಗಿಸಿ ದೋಣಿ ಅಲುಗದೆ ನಿಂತಿತು. ಕಡಲಂಚಿನ ತುಂಬ ಮನುಷ್ಯರಂಥ ಕಲ್ಲುಗಳು. ಪದುಮೆ ಅವುಗಳನ್ನೇ ನೋಡುತ್ತ ಕೂತಳು. ಶಾಪ ಹೋಯಿತೋ ಇಲ್ಲವೋ, ಹೇಳುವವರು ಯಾರೂ ಇರಲಿಲ್ಲ.

"ಇವತ್ತೇ ಇಳಿಯಬೇಕೆಂದೇನಿಲ್ಲ. ಇಳಿಯದೇ ಇದ್ದರೂ ಆಯಿತು. ನಾನೂ ದೋಣಿಯಲ್ಲೇ ಇರುತ್ತೇನೆ" ಎಂದ ತಮ್ಮಣ್ಣ.

ಪದುಮೆ ಅವನ ಗಾಯದ ಕೈಯನ್ನು ಮೆಲ್ಲಗೆ ಹಿಡಿದುಕೊಂಡು ಒಂದು ಕಾಲು ಕೆಳಗಿಟ್ಟಳು. ಮರಳು ಬೆಚ್ಚಗಿತ್ತು. ಬೆರಳು ಆಡಿಸಿದಳು, ಆಡಿದವು. ಇನ್ನೊಂದು ಕಾಲನ್ನೂ ಇಟ್ಟಳು.

ಅಷ್ಟರಲ್ಲಿ ಒಂದು ಕಲ್ಲು ಸೀನಿತು. ಇನ್ನೊಂದು ಮೈ ಮುರಿಯಿತು. ಎಂದೋ ಕಳೆದುಹೋಗಿದ್ದ ನಾವಿಕರೆಲ್ಲ ಕಣ್ಣುಜ್ಜುತ್ತ ಎದ್ದರು, ತಮ್ಮ ತಮ್ಮ ಊರಿಗೆ ಮರಳಿದರು, ಮಕ್ಕಳುಮರಿಗಳೊಂದಿಗೆ ಸುಖವಾಗಿ ಬಾಳಿದರು. ಪದುಮೆ ತಮ್ಮಣ್ಣರೂ ಹಾಗೆಯೇ ಬಾಳಿದರು, ಮಳೆಗಾಲದಲ್ಲಿ ನೆಲದ ಮೇಲೆ, ಉಳಿದ ದಿನಗಳಲ್ಲಿ ಕಡಲ ಮೇಲೆ.